ಸೀಸೆಯಲ್ಲಿ ಇನ್ನೇನಿತ್ತು?

ಟೊರೊಂಟೊದ ಒಂದು ನಿದ್ರಾ ಪ್ರಯೋಗಾಲಯದಲ್ಲಿ, 1970ರ ದಶಕದ ನಡುವೆ, ಆರು ಮಂದಿ ಆರೋಗ್ಯವಂತ ವಿದ್ಯಾರ್ಥಿಗಳು ತಲೆಗೆ ತಂತಿ ಅಂಟಿಸಿಕೊಂಡು ಮಲಗಿದರು. ಅವರ ಮಿದುಳಿನ ಅಲೆಗಳು ಕಾಗದದ ಸುರುಳಿಯ ಮೇಲೆ ಗೆರೆಗಳಾಗಿ ಮೂಡುತ್ತಿದ್ದವು. ಗೆರೆಗಳು ಎತ್ತರವಾಗಿ, ನಿಧಾನವಾಗಿ ಹರಿದರೆ ಗಾಢನಿದ್ದೆ ಬಂತೆಂದು ಅರ್ಥ. ಆ ಗುರುತು ಕಂಡದ್ದೇ ತಡ, ಕೋಣೆಯಲ್ಲಿ ಒಂದು ಸದ್ದು ಮೊಳಗುತ್ತಿತ್ತು. ಮಲಗಿದವರು ಪೂರ್ತಿ ಏಳಬೇಕಾಗಿರಲಿಲ್ಲ, ನಿದ್ದೆಯ ತಳ ಮುಟ್ಟದಿದ್ದರೆ ಸಾಕಿತ್ತು. ಹೀಗೆ ಮೂರು ರಾತ್ರಿ ಕಳೆಯಿತು. ಬೆಳಿಗ್ಗೆ ಎದ್ದಾಗ ಅವರ ಮೈಕೈ ಜಜ್ಜಿದಂತಾಗಿತ್ತು. ಹೆಗಲು, ಬೆನ್ನು, ಕತ್ತು ಒತ್ತಿದಲ್ಲೆಲ್ಲ ನೋಯುತ್ತಿತ್ತು. ಯಾವ ಪೆಟ್ಟೂ ಬಿದ್ದಿರಲಿಲ್ಲ, ಯಾವ ಜ್ವರವೂ ಬಂದಿರಲಿಲ್ಲ.

ಪ್ರಯೋಗ ನಡೆಸಿದವರು ಮನೋವೈದ್ಯ ಹಾರ್ವೆ ಮೊಲ್ಡೊಫ್‌ಸ್ಕಿ ಮತ್ತು ಅವರ ಜೊತೆಗಾರರು. ಕಾರಣ ತಿಳಿಯದ ಮೈನೋವಿನ ರೋಗಿಗಳನ್ನು ಅವರು ಬಹಳ ದಿನದಿಂದ ನೋಡುತ್ತಿದ್ದರು. ಲಂಡನ್ನಿನ ವಿಲಿಯಂ ಗವರ್ಸ್ 1904ರಲ್ಲಿ ಈ ನೋವಿಗೆ ಫೈಬ್ರೊಸೈಟಿಸ್ ಎಂದು ಹೆಸರಿಟ್ಟಿದ್ದರು. 1976ರಲ್ಲಿ ಅದಕ್ಕೆ ಫೈಬ್ರೊಮಯಾಲ್ಜಿಯಾ ಎಂಬ ಹೊಸ ಹೆಸರು ಬಂತು. ಹೆಸರು ಬದಲಾದರೂ ರೋಗಿಗಳ ಪಾಡು ಬದಲಾಗಲಿಲ್ಲ. ರಕ್ತಪರೀಕ್ಷೆ ಸರಿಯಾಗಿರುತ್ತಿತ್ತು, ಎಕ್ಸ್‌ರೇಯಲ್ಲೂ ಏನೂ ಕಾಣುತ್ತಿರಲಿಲ್ಲ. ರೋಗಿ ಮಾತ್ರ ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಮಲಗಿದ್ದಕ್ಕಿಂತ ಹೆಚ್ಚು ದಣಿದು ಏಳುತ್ತಿದ್ದಳು. ಹೆಚ್ಚಿನವರು ಹೆಂಗಸರು. ಎಲ್ಲವೂ ಮನಸ್ಸಿನದು ಎನ್ನುವ ಮಾತನ್ನು ಅವರು ಮನೆಯಲ್ಲೂ ಕೇಳಿದರು, ಆಸ್ಪತ್ರೆಯಲ್ಲೂ ಕೇಳಿದರು.

ನಿದ್ದೆ ಕೆಟ್ಟರೆ ನೋವು ಹುಟ್ಟುತ್ತದೆ ಎಂದಾದ ಮೇಲೆ, ನಿದ್ದೆಯನ್ನು ಸರಿಪಡಿಸುವುದು ಹೇಗೆ ಎಂಬ ಪ್ರಶ್ನೆ ತಾನಾಗಿ ಎದ್ದಿತು. 1978ರಲ್ಲಿ ಮೊಲ್ಡೊಫ್‌ಸ್ಕಿ ಒಂದು ಎಳೆ ಹಿಡಿದರು. ಈ ರೋಗಿಗಳ ನೋವು ಹೆಚ್ಚಿದಷ್ಟೂ ರಕ್ತದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಕಡಿಮೆಯಿರುವಂತೆ ಅವರಿಗೆ ಕಂಡಿತು. ಹಾಲು, ಮೊಟ್ಟೆ, ಬೇಳೆಕಾಳು ಎಲ್ಲದರಲ್ಲೂ ಇರುವ ವಸ್ತು ಅದು. ನಿದ್ದೆ, ನೋವು, ಮನಸ್ಸಿನ ಹದ ಎಲ್ಲಕ್ಕೂ ಬೇಕಾದ ಸೆರೊಟೋನಿನ್ನನ್ನು ದೇಹ ಕಟ್ಟಿಕೊಳ್ಳುವುದು ಅದರಿಂದಲೇ. ಕಡಿಮೆಯಿದ್ದರೆ ತುಂಬಿಸಿದರಾಯಿತು! ಇಷ್ಟು ಸರಳವಾದ ಲೆಕ್ಕ ವೈದ್ಯಶಾಸ್ತ್ರದಲ್ಲಿ ಅಪರೂಪ. ನೊಂದವರ ಮನಸ್ಸಿಗೆ ಅದು ಎಷ್ಟು ಹಿಡಿಸಿರಬಹುದು ಎಂದು ಬೇರೆ ಹೇಳಬೇಕಾಗಿಲ್ಲ.

ಮೊಲ್ಡೊಫ್‌ಸ್ಕಿ ಲೆಕ್ಕವನ್ನು ನಂಬಿ ಸುಮ್ಮನಾಗಲಿಲ್ಲ. ಕೆಲವು ರೋಗಿಗಳಿಗೆ ರಾತ್ರಿ 5 ಗ್ರಾಂ ಟ್ರಿಪ್ಟೊಫ್ಯಾನ್ ಕೊಟ್ಟರು, ಉಳಿದವರಿಗೆ ಕ್ಲೋರ್‌ಪ್ರೊಮಝೀನ್ ಎಂಬ ಹಳೆಯ ಮದ್ದು ಕೊಟ್ಟರು. ಫಲಿತಾಂಶ 1980ರಲ್ಲಿ ಅಚ್ಚಾಯಿತು. ಗಾಢನಿದ್ದೆ ಹೆಚ್ಚಿ ನೋವು ತಗ್ಗಿದ್ದು ಹಳೆಯ ಮದ್ದಿನಿಂದ. ಟ್ರಿಪ್ಟೊಫ್ಯಾನ್ ಏನನ್ನೂ ಮಾಡಲಿಲ್ಲ.

ಅದೇ ವರ್ಷ ಅದೇ ಕೆನಡಾದ ಇನ್ನೊಂದು ನಗರದಿಂದ ಇನ್ನೊಂದು ವರದಿ ಬಂತು. ಮಾಂಟ್ರಿಯಲ್‌ನಲ್ಲಿ ಎಸ್ತರ್ ಸ್ಟರ್ನ್‌ಬರ್ಗ್ ಎಂಬ ಯುವವೈದ್ಯೆ ಒಬ್ಬ ರೋಗಿಯ ಚರ್ಮ ಬಿಗಿಯಾಗಿ ಗಡಸಾಗುತ್ತಿದ್ದುದನ್ನು ಕಂಡಿದ್ದರು. ಸ್ನಾಯುಗಳು ಹಿಡಿತ ತಪ್ಪಿ ಅದುರುವ ಕಾಯಿಲೆಗಾಗಿ ಆ ರೋಗಿ 5-ಹೈಡ್ರಾಕ್ಸಿಟ್ರಿಪ್ಟೊಫ್ಯಾನ್ ತೆಗೆದುಕೊಳ್ಳುತ್ತಿದ್ದ. ದೇಹ ಟ್ರಿಪ್ಟೊಫ್ಯಾನನ್ನು ಸೆರೊಟೋನಿನ್ ಆಗಿ ಮಾರ್ಪಡಿಸುವ ಹಾದಿಯಲ್ಲಿ ನಡುವೆ ಬರುವ ವಸ್ತು ಅದು. ಮದ್ದಿಗೂ ಚರ್ಮಕ್ಕೂ ಸಂಬಂಧವಿರಬಹುದೆಂದು ಸ್ಟರ್ನ್‌ಬರ್ಗ್ ಮತ್ತು ಸಂಗಡಿಗರು ಬರೆದರು. ಹೆಸರಾಂತ ವೈದ್ಯ ಪತ್ರಿಕೆಯಲ್ಲೇ ಅದು ಪ್ರಕಟವಾಯಿತು.

ಹೀಗೆ 1980ರಲ್ಲೇ ತಕ್ಕಡಿಯ ಎರಡು ತಟ್ಟೆಗಳಲ್ಲೂ ಒಂದೊಂದು ಕಲ್ಲು ಬಿದ್ದಿತ್ತು. ಈ ನೋವಿಗೆ ಟ್ರಿಪ್ಟೊಫ್ಯಾನಿನಿಂದ ಲಾಭ ಕಾಣಲಿಲ್ಲ ಎಂಬುದು ಒಂದು ತಟ್ಟೆಯಲ್ಲಿತ್ತು, ಅದರ ಸಂಬಂಧಿ ವಸ್ತುವಿನಿಂದ ಅಪಾಯವಿರಬಹುದು ಎಂಬುದು ಇನ್ನೊಂದರಲ್ಲಿ. ಆ ತಕ್ಕಡಿಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಅಮೆರಿಕದ ಆರೋಗ್ಯ ಅಂಗಡಿಗಳಲ್ಲಿ ಎಲ್-ಟ್ರಿಪ್ಟೊಫ್ಯಾನ್ ಸೀಸೆಗಳು ಸಾಲಾಗಿ ನಿಂತಿದ್ದವು. ವೈದ್ಯರ ಚೀಟಿ ಬೇಕಿರಲಿಲ್ಲ. ನಿದ್ದೆ ಬಾರದವರು, ಮುಟ್ಟಿನ ಮುಂಚಿನ ದಿನಗಳಲ್ಲಿ ಕಂಗೆಡುತ್ತಿದ್ದವರು, ಮನಸ್ಸು ಮಂಕಾದವರು, ಮೈನೋವಿನವರು ಕೊಂಡೊಯ್ದರು. ಆಹಾರದಲ್ಲೇ ಇರುವ ವಸ್ತುವನ್ನು ಮದ್ದು ಎಂದು ಅವರು ಎಣಿಸಲೇ ಇಲ್ಲ. ವರ್ಷಗಟ್ಟಲೆ ಯಾರಿಗೂ ಏನೂ ಆದಂತೆ ಕಾಣಲಿಲ್ಲ. ಮುಂದೆ ಎಲ್ಲರನ್ನೂ ದಿಕ್ಕುತಪ್ಪಿಸಿದ್ದು ಈ ಸಂಗತಿಯೇ.

ನ್ಯೂ ಮೆಕ್ಸಿಕೊದ ಲಾಸ್ ಅಲಮೋಸ್ ಎತ್ತರದ ಮೇಲಿರುವ ಪುಟ್ಟ ಊರು. ಮೊದಲ ಅಣುಬಾಂಬನ್ನು ಕಟ್ಟಿದ ಪ್ರಯೋಗಾಲಯದಿಂದ ಹೆಸರಾದದ್ದು. 1989ರ ಶರತ್ಕಾಲದಲ್ಲಿ ಅಲ್ಲಿ ಕುಟುಂಬ ವೈದ್ಯರಾಗಿದ್ದ ಫಿಲಿಪ್ ಹರ್ಟ್ಸ್‌ಮನ್ ಅವರ ಮುಂದೆ ಒಬ್ಬ ಹೆಂಗಸು ಕುಳಿತಿದ್ದಳು. ಸ್ನಾಯುಗಳ ನೋವು ಅವಳನ್ನು ಕೂರಲೂ ಬಿಡದೆ ಏಳಲೂ ಬಿಡದೆ ಕಾಡುತ್ತಿತ್ತು. ಮೇಲ್ನೋಟಕ್ಕೆ ಇದೂ ಹಳೆಯ ಕತೆಯೇ. ಮೈಯೆಲ್ಲ ನೋವು, ದಣಿವು, ನಿದ್ದೆಯಿಲ್ಲ. ಫೈಬ್ರೊಮಯಾಲ್ಜಿಯಾ ಎಂದು ಬರೆದು ಕಳಿಸಿದ್ದರೆ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ.

ಆದರೆ ರಕ್ತದ ವರದಿಯಲ್ಲಿ ಒಂದು ಸಂಖ್ಯೆ ಎದ್ದು ನಿಂತಿತ್ತು. ಬಿಳಿ ರಕ್ತಕಣಗಳಲ್ಲಿ ಇಯೊಸಿನೊಫಿಲ್ ಎಂಬುದು ಒಂದು ಬಗೆ. ಜಂತುಹುಳ, ಅಲರ್ಜಿ ಇಂಥವುಗಳಿದ್ದಾಗ ಇವು ಹೆಚ್ಚುತ್ತವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕಿಂತ ಕಡಿಮೆ ಇರುತ್ತವೆ. ಈ ಹೆಂಗಸಿನ ರಕ್ತದಲ್ಲಿ ಅದು ಸಾವಿರಗಳ ಲೆಕ್ಕಕ್ಕೆ ಏರಿತ್ತು. ಜಂತುಹುಳ ಇರಲಿಲ್ಲ, ಅಲರ್ಜಿಯೂ ಇರಲಿಲ್ಲ. ಫೈಬ್ರೊಮಯಾಲ್ಜಿಯಾದಲ್ಲಿ ಇಂಥ ರಕ್ತ ಇರುವುದಿಲ್ಲ. ನೋವು ಮನಸ್ಸಿನದು ಎಂದು ಈ ಸಲ ಯಾರೂ ಹೇಳುವಂತಿರಲಿಲ್ಲ.

ಸುಮಾರು ಒಂದು ಗಂಟೆಯ ದಾರಿಯ ಸಾಂತಾ ಫೆಯಲ್ಲಿ ಸಂಧಿವಾತ ತಜ್ಞ ವಿಲಿಯಂ ಬ್ಲೆವಿನ್ಸ್ ಅವರ ಬಳಿಯೂ ಇಂಥದೇ ರೋಗಿಯಿದ್ದಳು. ಇಯೊಸಿನೊಫಿಲ್ ವಿಷಯದಲ್ಲಿ ಅಮೆರಿಕದ ವೈದ್ಯರು ಕಟ್ಟಕಡೆಗೆ ತಟ್ಟುತ್ತಿದ್ದ ಬಾಗಿಲು ಒಂದಿತ್ತು. ಅದು ಮಿನೆಸೋಟದ ಮೇಯೊ ಕ್ಲಿನಿಕ್‌ನ ಜೆರಾಲ್ಡ್ ಗ್ಲೈಕ್. ಈ ಕಣಗಳ ಒಡಲಲ್ಲಿರುವ, ಸುತ್ತಲಿನ ಅಂಗಾಂಶವನ್ನೇ ಸುಡಬಲ್ಲ ಪ್ರೋಟೀನನ್ನು ಬೇರ್ಪಡಿಸಿ ಪರಿಚಯಿಸಿದವರು ಅವರು. ನ್ಯೂ ಮೆಕ್ಸಿಕೊದ ಒಗಟು ಫೋನಿನಲ್ಲಿ ಅವರನ್ನು ಮುಟ್ಟಿತು. ಒಂದೇ ಪ್ರಾಂತ್ಯದಲ್ಲಿ, ಒಂದೇ ತಿಂಗಳಲ್ಲಿ, ಪುಸ್ತಕದಲ್ಲಿಲ್ಲದ ಕಾಯಿಲೆ ಎರಡು ಕಡೆ ತಲೆಯೆತ್ತಿದರೆ ಅದನ್ನು ಕಾಕತಾಳೀಯ ಎನ್ನಲು ಯಾವ ವೈದ್ಯನಿಗೂ ಮನಸ್ಸು ಬರುವುದಿಲ್ಲ. ರೋಗಿಗಳ ಕಡತಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಕೆಲಸ ಶುರುವಾಯಿತು. ಉಂಡದ್ದೇನು, ಹೋದದ್ದೆಲ್ಲಿಗೆ, ನುಂಗಿದ ಗುಳಿಗೆ ಯಾವುದು? ಮೂರನೆಯ ರೋಗಿಯೂ ಸಿಕ್ಕಳು. ಮೂವರ ಬದುಕಿನಲ್ಲೂ ಸಾಮಾನ್ಯವಾಗಿದ್ದದ್ದು ಒಂದೇ ಒಂದು ಸೀಸೆ. ಮೂವರೂ ಎಲ್-ಟ್ರಿಪ್ಟೊಫ್ಯಾನ್ ತೆಗೆದುಕೊಳ್ಳುತ್ತಿದ್ದರು.

ಸಾಮಾನ್ಯವಾಗಿ ವೈದ್ಯರು ಔಷಧಿ ಯಾವುದು ಎಂದು ಕೇಳುತ್ತಾರೆ, ರೋಗಿ ಔಷಧಿಯ ಹೆಸರನ್ನಷ್ಟೇ ಹೇಳುತ್ತಾನೆ. ಅಂಗಡಿಯಿಂದ ತಾನೇ ಕೊಂಡ ಪುಡಿ, ಗುಳಿಗೆ, ಕಷಾಯ ಆ ಪಟ್ಟಿಗೆ ಸೇರುವುದೇ ಇಲ್ಲ. ಲಾಸ್ ಅಲಮೋಸ್ ಮತ್ತು ಸಾಂತಾ ಫೆಯ ವೈದ್ಯರು ಪಟ್ಟಿಯ ಹೊರಗಿದ್ದದ್ದನ್ನೂ ಕೇಳಿದರು. ಆ ಒಂದು ಪ್ರಶ್ನೆ ಕೇಳದಿದ್ದರೆ ಇನ್ನೆಷ್ಟು ತಿಂಗಳು ಹೋಗುತ್ತಿತ್ತೋ.

ಅಕ್ಟೋಬರ್ 30ರಂದು ರಾಜ್ಯದ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿತು. ಆ ಹೊತ್ತಿಗೆ ಆಲ್ಬುಕರ್ಕಿ ಜರ್ನಲ್ ಪತ್ರಿಕೆಯ ಸಾಂತಾ ಫೆ ಕಚೇರಿಯಲ್ಲಿದ್ದ ಟಮರ್ ಸ್ಟೀಬರ್ ಎಂಬ ವರದಿಗಾರ್ತಿಯ ಕಿವಿಗೂ ಅದು ಬಿದ್ದಿತ್ತು. ಮೂರೇ ಮೂರು ರೋಗಿಗಳ ಸುಳಿವು ಹಿಡಿದು ಒಂದು ಇಡೀ ಉದ್ಯಮದ ಸರಕಿನ ಮೇಲೆ ಬೊಟ್ಟು ಮಾಡುವುದು ಸಣ್ಣ ಧೈರ್ಯವಲ್ಲ. ಸ್ಟೀಬರ್ ಬೆನ್ನು ಬಿಡಲಿಲ್ಲ. ನವೆಂಬರ್ 7ರಂದು ಅವರ ಮೊದಲ ವರದಿ ಅಚ್ಚಾಯಿತು. ಅದನ್ನು ಓದಿದವರಲ್ಲಿ ಕೆಲವರು ತಮ್ಮ ಮನೆಯ ಕಪಾಟಿನತ್ತ ನೋಡಿದರು, ಕೆಲವರು ತಮ್ಮ ಊದಿದ ಕಾಲುಗಳತ್ತ ನೋಡಿಕೊಂಡರು. ಬೇರೆ ರಾಜ್ಯಗಳಿಂದಲೂ ರೋಗಿಗಳ ಸುದ್ದಿ ಬರತೊಡಗಿತು. ನವೆಂಬರ್ 11ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಟ್ರಿಪ್ಟೊಫ್ಯಾನ್ ಪೂರಕಗಳನ್ನು ಬಿಟ್ಟುಬಿಡಿ ಎಂದು ಜನರನ್ನು ಎಚ್ಚರಿಸಿತು. ನವೆಂಬರ್ 17ರಂದು ಸರಕನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯುವಂತೆ ಹೇಳಿತು. ಮೂರು ರೋಗಿಗಳ ಸುದ್ದಿ ಇಲಾಖೆಗೆ ಮುಟ್ಟಿ ಆಗ ಮೂರು ವಾರವೂ ಆಗಿರಲಿಲ್ಲ. ಮರುವರ್ಷ ಸ್ಟೀಬರ್ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಆದರೆ ಅನುಮಾನ ಬೇರೆ, ಪುರಾವೆ ಬೇರೆ. ನಿದ್ದೆ ಬಾರದವರು ಟ್ರಿಪ್ಟೊಫ್ಯಾನ್ ತೆಗೆದುಕೊಳ್ಳುತ್ತಾರೆ. ನೋವಿರುವವರಿಗೆ ನಿದ್ದೆ ಬರುವುದಿಲ್ಲ. ಹಾಗಿದ್ದರೆ ನೋವು ಮೊದಲೋ, ಗುಳಿಗೆ ಮೊದಲೋ? ಈ ಗಂಟನ್ನು ಬಿಡಿಸಲು ಕುಳಿತವರು, ಪಶುವೈದ್ಯಕೀಯ ಓದಿ ಸಾಂಕ್ರಾಮಿಕ ರೋಗಗಳ ತನಿಖೆಗೆ ಬಂದಿದ್ದ ಮಿಲಿಸೆಂಟ್ ಐಡ್ಸನ್ ಮತ್ತು ಅವರ ಸಹೋದ್ಯೋಗಿಗಳು. 11 ಮಂದಿ ರೋಗಿಗಳನ್ನು ಒಂದು ಕಡೆ, ಕಾಯಿಲೆಯಿಲ್ಲದ 22 ಮಂದಿಯನ್ನು ಇನ್ನೊಂದು ಕಡೆ ಇಟ್ಟು ಎಲ್ಲರನ್ನೂ ಒಂದೇ ಬಗೆಯಲ್ಲಿ ವಿಚಾರಿಸಿದರು. 11 ರೋಗಿಗಳಲ್ಲಿ 11 ಮಂದಿಯೂ ಟ್ರಿಪ್ಟೊಫ್ಯಾನ್ ತೆಗೆದುಕೊಂಡಿದ್ದರು. ಇನ್ನೊಂದು ಗುಂಪಿನ 22ರಲ್ಲಿ ಅದನ್ನು ತೆಗೆದುಕೊಂಡವರು ಇಬ್ಬರು ಮಾತ್ರ.

ಕಾಯಿಲೆಗೆ ಇಯೊಸಿನೊಫಿಲಿಯಾ-ಮಯಾಲ್ಜಿಯಾ ಸಿಂಡ್ರೋಮ್ ಎಂಬ ಹೆಸರು ಬಂತು. ಸ್ನಾಯುನೋವಿನಿಂದ ಶುರುವಾಗಿ ಕೈಕಾಲು ಊದುತ್ತಿತ್ತು, ಚರ್ಮ ದಪ್ಪಗಾಗಿ ಕಿತ್ತಳೆ ಸಿಪ್ಪೆಯಂತೆ ಗುಳಿ ಬೀಳುತ್ತಿತ್ತು. ಕೆಲವರಿಗೆ ಉಸಿರು ಕಟ್ಟಿತು. ಕೆಲವರ ನರಗಳು ಸೋತು ಕಾಲಿನಿಂದ ಮೇಲಕ್ಕೆ ಪಾರ್ಶ್ವವಾಯು ಏರಿತು. ಸ್ಟೆರಾಯ್ಡ್ ಕೊಟ್ಟರೆ ರಕ್ತದ ಸಂಖ್ಯೆ ಇಳಿಯುತ್ತಿತ್ತು, ನೋವು ಅಷ್ಟಾಗಿ ಇಳಿಯುತ್ತಿರಲಿಲ್ಲ. ದೇಶದಾದ್ಯಂತ 1,500ಕ್ಕೂ ಹೆಚ್ಚು ರೋಗಿಗಳು ಲೆಕ್ಕಕ್ಕೆ ಸಿಕ್ಕರು. ಕನಿಷ್ಠ 37 ಮಂದಿ ಸತ್ತರು. ನಿದ್ದೆಗೆಂದು, ನೋವಿಗೆಂದು ಅಂಗಡಿಯಿಂದ ತಂದ ಪೂರಕವೊಂದು ಮಾಡಿದ ಕೆಲಸ ಇದು.

ಸರಕು ಅಂಗಡಿಯಿಂದ ಹೋಯಿತು, ಹೊಸ ರೋಗಿಗಳು ಬರುವುದು ಬಹುತೇಕ ನಿಂತಿತು. ಬೇರೆ ಕತೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊದಲಿನಿಂದಲೂ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ಹಾಗೇ ಉಳಿದಿತ್ತು. ಟ್ರಿಪ್ಟೊಫ್ಯಾನೇ ವಿಷವಾಗಿದ್ದರೆ ಇಷ್ಟು ವರ್ಷ ಜನ ಬದುಕಿದ್ದು ಹೇಗೆ? 1989ರಲ್ಲೇ ಏಕೆ ಹೀಗಾಯಿತು? ಒಂದೇ ಮನೆಯಲ್ಲಿ ಒಂದೇ ಪ್ರಮಾಣ ನುಂಗಿದರೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೆ ಇರಬಹುದಲ್ಲ, ಅದೇಕೆ?

ಮಿನೆಸೋಟದಲ್ಲಿ ಎಡ್ವರ್ಡ್ ಬೆಲೋಂಜಿಯ, ಮೈಕೆಲ್ ಆಸ್ಟರ್‌ಹೋಮ್ ಮುಂತಾದವರ ತಂಡ ಒಂದು ಬೇಸರದ, ಬೆವರಿನ ಕೆಲಸಕ್ಕೆ ಕೈಹಾಕಿತು. ರೋಗಿಗಳ ಮನೆಯಲ್ಲಿ ಉಳಿದಿದ್ದ ಸೀಸೆಗಳನ್ನು ತರಿಸಿಕೊಂಡರು. ಸೀಸೆಯ ಮೇಲೆ ಒಂದು ಹೆಸರು, ಅದನ್ನು ತುಂಬಿದವರದು ಇನ್ನೊಂದು, ಗುಳಿಗೆ ಒತ್ತಿದವರದು ಮತ್ತೊಂದು, ಪುಡಿ ತರಿಸಿದ ಸಗಟು ವ್ಯಾಪಾರಿ ಮಗದೊಬ್ಬ. ಲಾಟ್ ಸಂಖ್ಯೆಗಳನ್ನು ಹಿಡಿದು, ಬಿಲ್ಲುಗಳನ್ನು ಹೆಕ್ಕಿ, ಫೋನ್ ಮಾಡಿ, ಪತ್ರ ಬರೆದು, ನೂಲಿನ ಉಂಡೆ ಬಿಚ್ಚಿದಂತೆ ಹಿಂದಕ್ಕೆ ಹೋದರು. ಅಂಗಡಿಯಲ್ಲಿ ಹತ್ತಾರು ಬ್ರ್ಯಾಂಡುಗಳಿದ್ದರೂ ಪುಡಿ ಬರುತ್ತಿದ್ದದ್ದು ಜಪಾನಿನ ಕೆಲವೇ ಕಂಪನಿಗಳಿಂದ. 30 ರೋಗಿಗಳಲ್ಲಿ 29 ಮಂದಿಯ ದಾರಿ ಒಂದೇ ಕಂಪನಿಯ ಬಾಗಿಲಲ್ಲಿ ನಿಂತಿತು. ಕಾಯಿಲೆ ಬಾರದೆ ಟ್ರಿಪ್ಟೊಫ್ಯಾನ್ ತೆಗೆದುಕೊಂಡಿದ್ದ 35 ಮಂದಿಯಲ್ಲಿ ಆ ಕಂಪನಿಯ ಸರಕು ಬಳಸಿದವರು 21. ಕಂಪನಿಯ ಹೆಸರು ಶೋವಾ ಡೆಂಕೊ.

ಆಗ ಹೊರಬಿದ್ದ ಒಂದು ಸಂಗತಿ ಓದಿದವರನ್ನು ಬೆಚ್ಚಿಬೀಳಿಸುವಂಥದು. ಆ ಪುಡಿ ಕೊಳಕು ಸರಕಾಗಿರಲಿಲ್ಲ. ಅದರ ಶುದ್ಧತೆ ಶೇ. 99.6. ಔಷಧಕೋಶದ ಅಳತೆಗೋಲು ಕೇಳುತ್ತಿದ್ದದ್ದು ಶೇ. 98.5. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ಸರಕು ಇರಲಾರದು. ಕೊಲೆಗಾರ ಅಡಗಿದ್ದರೆ ಉಳಿದ ಶೇ. 0.4ರಲ್ಲಿ ಅಡಗಿರಬೇಕಿತ್ತು.

ಮೇಯೊ ಕ್ಲಿನಿಕ್‌ನಲ್ಲಿ ಗ್ಲೈಕ್ ಅವರ ಜೊತೆಗಿದ್ದ ಆರ್ಥರ್ ಮಯೆನೊ ಪುಡಿಯನ್ನು ದ್ರವದಲ್ಲಿ ಕರಗಿಸಿ, ಉದ್ದದ ಕೊಳವೆಯಲ್ಲಿ ಹಾಯಿಸಿ, ಒಂದೊಂದು ವಸ್ತುವೂ ಬೇರೆ ಬೇರೆ ಹೊತ್ತಿಗೆ ಹೊರಬರುವಂತೆ ಮಾಡಿದರು. ಕಾಗದದ ಮೇಲೆ ಟ್ರಿಪ್ಟೊಫ್ಯಾನಿನ ಗೆರೆ ಗೋಪುರದಂತೆ ಏಳುತ್ತಿತ್ತು. ಅದರ ಬುಡದಲ್ಲಿ ಇರುವೆಗೂಡಿನಂಥ ಪುಟ್ಟ ಉಬ್ಬುಗಳು. ಕೊನೆಗೆ ಎಣಿಸಿದಾಗ ಅವು 60ಕ್ಕೂ ಹೆಚ್ಚಿದ್ದವು. ರೋಗಿಗಳು ನುಂಗಿದ್ದ 12 ಲಾಟ್‌ಗಳಲ್ಲಿ 9ರಲ್ಲಿ ಒಂದು ಉಬ್ಬು ಕಂಡಿತು. ರೋಗ ಬಾರದವರ 11 ಲಾಟ್‌ಗಳಲ್ಲಿ 3ರಲ್ಲಿ ಮಾತ್ರ ಕಂಡಿತು. ಅದಕ್ಕೆ ‘ಪೀಕ್ ಇ’ ಎಂದು ಹೆಸರಿಟ್ಟರು. ಎರಡು ಟ್ರಿಪ್ಟೊಫ್ಯಾನ್ ಕಣಗಳು ಒಂದು ಪುಟ್ಟ ಕೊಂಡಿಯಿಂದ ಜೋಡಿಯಾದ ವಸ್ತು ಅದು ಎಂದು 1990ರಲ್ಲೇ ತಿಳಿಯಿತು.

ಆಮೇಲೆ ಇನ್ನೊಂದು ಉಬ್ಬಿನ ಗುರುತು ಸಿಕ್ಕಿತು. 3-ಫಿನೈಲಮೈನೊ ಅಲನಿನ್. ಇದನ್ನು ಕಂಡವರಿಗೆ ಹತ್ತು ವರ್ಷ ಹಿಂದಿನ, ಸಾಗರದಾಚೆಯ ಒಂದು ದುರಂತ ನೆನಪಾಯಿತು. 1981ರ ಮೇ 1ರಂದು ಸ್ಪೇನ್‌ನ ಮ್ಯಾಡ್ರಿಡ್ ಬಳಿ ಎಂಟು ವರ್ಷದ ಹುಡುಗನೊಬ್ಬ ಸತ್ತಿದ್ದ. ಮೊದಲು ಎಲ್ಲರೂ ನ್ಯುಮೋನಿಯಾ ಅಂದುಕೊಂಡರು. ಮಕ್ಕಳ ವೈದ್ಯ ಹುವಾನ್ ತಬುಯೆಂಕಾ ಮಾತ್ರ, ಹಸುಗೂಸುಗಳಿಗೆ ಕಾಯಿಲೆ ಬಾರದಿದ್ದುದನ್ನು ಗಮನಿಸಿದರು. ಹಾಲು ಕುಡಿಯುವ ಕೂಸು ತಿನ್ನದೆ ಇರುವುದೇನು? ಮನೆಮನೆಯ ಅಡುಗೆ ಎಣ್ಣೆಯನ್ನು ವಿಚಾರಿಸಿದರು. ಕಾರ್ಖಾನೆ ಬಳಕೆಗೆಂದು ಅನಿಲಿನ್ ಬೆರೆಸಿದ್ದ ರೇಪ್‌ಸೀಡ್ ಎಣ್ಣೆಯನ್ನು ಅಡುಗೆ ಎಣ್ಣೆಯೆಂದು ಮಾರಲಾಗಿತ್ತು. ಸುಮಾರು 20,000 ಜನ ಕಾಯಿಲೆ ಬಿದ್ದರು, 300ಕ್ಕೂ ಹೆಚ್ಚು ಜನ ಸತ್ತರು. ಅವರಿಗೂ ಸ್ನಾಯುನೋವು ಬಂದಿತ್ತು, ಚರ್ಮ ಗಡಸಾಗಿತ್ತು, ರಕ್ತದಲ್ಲಿ ಇಯೊಸಿನೊಫಿಲ್ ಏರಿತ್ತು. ಆ ಎಣ್ಣೆಯಲ್ಲಿ ಸಿಕ್ಕಿದ್ದ ಅನಿಲಿನ್ ಸಂಯುಕ್ತಕ್ಕೂ ಈ ಪುಡಿಯ ಉಬ್ಬಿಗೂ ರಾಸಾಯನಿಕವಾಗಿ ದಾಯಾದಿ ಸಂಬಂಧವಿತ್ತು. ಒಂದು ಎಣ್ಣೆ, ಇನ್ನೊಂದು ಗುಳಿಗೆ. ಎರಡೂ ಜನರನ್ನು ಒಂದೇ ಬಗೆಯಲ್ಲಿ ಮುರಿದಿದ್ದವು.

ಇಷ್ಟರಲ್ಲಿ ಮಾಂಟ್ರಿಯಲ್‌ನ ಯುವವೈದ್ಯೆ ಕತೆಯೊಳಗೆ ಮರಳಿ ಬಂದರು. ಎಸ್ತರ್ ಸ್ಟರ್ನ್‌ಬರ್ಗ್ ಈಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದರು. ಒಂಬತ್ತು ವರ್ಷದ ಹಿಂದೆ ತಾವು ಬರೆದದ್ದು ದೇಶದಗಲ ನಿಜವಾಗುತ್ತಿರುವುದನ್ನು ಅವರು ಕಂಡರು. ಅವರ ಪ್ರಯೋಗಾಲಯದಲ್ಲಿ ಆಗ ಬೇರೆ ಕೆಲಸಕ್ಕೆಂದು ಲೂಯಿಸ್ ತಳಿಯ ಇಲಿಗಳಿದ್ದವು. ಉರಿಯೂತವನ್ನು ತಣಿಸುವ ಹಾರ್ಮೋನು ವ್ಯವಸ್ಥೆ ಹುಟ್ಟಿನಿಂದಲೇ ಕುಂದಿರುವ ಇಲಿಗಳು ಅವು. ಬೇಕೆಂದು ಹುಡುಕಿದ್ದರೂ ಇದಕ್ಕಿಂತ ತಕ್ಕ ಪ್ರಾಣಿ ಸಿಗುತ್ತಿರಲಿಲ್ಲ. ಲೆಸ್ಲಿ ಕ್ರಾಫರ್ಡ್ ಮತ್ತು ಅವರು ಸೇರಿ ಕೆಲವು ಇಲಿಗಳಿಗೆ ರೋಗಿಗಳ ಸರಕಿನ ಪುಡಿಯನ್ನು, ಕೆಲವಕ್ಕೆ ಬೇರೆಡೆಯ ಶುದ್ಧ ಟ್ರಿಪ್ಟೊಫ್ಯಾನನ್ನು 38 ದಿನ ಕೊಟ್ಟರು. ರೋಗಿಗಳ ಪುಡಿ ತಿಂದ ಇಲಿಗಳಲ್ಲಿ ಸ್ನಾಯುವಿನ ಹೊದಿಕೆ ಊದಿ ದಪ್ಪಗಾಯಿತು. ಆದರೆ ಅವುಗಳ ರಕ್ತದಲ್ಲಿ ಇಯೊಸಿನೊಫಿಲ್ ಏರಲಿಲ್ಲ. ಕೈಗೆ ಅರ್ಧ ಉತ್ತರ ಬಂದಿತ್ತು. 1993ರ ಇನ್ನೊಂದು ಪ್ರಯೋಗದಲ್ಲಿ ಪೀಕ್ ಇ ತಿಂದ ಇಲಿಗಳಲ್ಲೂ, ಅಚ್ಚರಿಯೆಂದರೆ ಶುದ್ಧ ಟ್ರಿಪ್ಟೊಫ್ಯಾನ್ ತಿಂದವುಗಳಲ್ಲೂ ಒಂದಿಷ್ಟು ಕೆಡುಕು ಕಂಡಿತು. ಉತ್ತರ ಮತ್ತೆ ಜಾರಿತು. ಕ್ರಾಫರ್ಡ್ ಮುಂದೆ ಫೈಬ್ರೊಮಯಾಲ್ಜಿಯಾದ ಸಂಶೋಧನೆಗೇ ತಿರುಗಿದರು. ಆ ಕಾಯಿಲೆಗೆ ಅಮೆರಿಕದಲ್ಲಿ 2007ರಲ್ಲಿ ಮೊದಲ ಬಾರಿಗೆ ಒಪ್ಪಿಗೆ ಪಡೆದ ಪ್ರಿಗಾಬಲಿನ್ ಮದ್ದಿನ ಆರಂಭದ ಪರೀಕ್ಷೆಯನ್ನು ಮುನ್ನಡೆಸಿದವರಲ್ಲಿ ಅವರೂ ಒಬ್ಬರು.

ಉಬ್ಬುಗಳಲ್ಲಿ ಕಾಯಿಲೆಯೊಡನೆ ಎಲ್ಲಕ್ಕಿಂತ ಗಟ್ಟಿಯಾಗಿ ತಳುಕು ಹಾಕಿಕೊಂಡಿದ್ದದ್ದು ‘ಪೀಕ್ ಎಎಎ’ ಎಂಬುದು. ಅದರ ರಚನೆ ಯಾರ ಕೈಗೂ ಸಿಗಲಿಲ್ಲ. ಪ್ರಮಾಣ ತೀರಾ ಕಡಿಮೆ, ಆಗಿನ ಯಂತ್ರಗಳಿಗೆ ಅಷ್ಟು ಸೂಕ್ಷ್ಮ ನೋಟವಿರಲಿಲ್ಲ. ನ್ಯಾಯಾಲಯಗಳಲ್ಲಿ ದಾವೆಗಳು ನಡೆದು ಮುಗಿದವು. ಪತ್ರಿಕೆಗಳು ಮರೆತವು. 1994ರಲ್ಲಿ ಅಮೆರಿಕ ತಂದ ಹೊಸ ಕಾಯ್ದೆ, ಪೂರಕಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಸುರಕ್ಷಿತವೆಂದು ಸಾಬೀತು ಮಾಡುವ ಹೊರೆಯನ್ನು ತಯಾರಕರ ಮೇಲೆ ಹೊರಿಸಲಿಲ್ಲ. ಸತ್ತವರ ನೆನಪು ಹಸಿಯಾಗಿದ್ದಾಗಲೇ ಹೀಗಾದದ್ದು ತಪ್ಪು. ಆ ತಪ್ಪಿನ ಬೆಲೆ ತೆತ್ತವರು ಕಾಯ್ದೆ ಬರೆದವರಲ್ಲ.

ತೊಂದರೆ ಅಮೆರಿಕದ ಸೀಸೆಗಳಿಗೆ ಸೀಮಿತವಾಗಿರಲಿಲ್ಲ. 2004ರಲ್ಲಿ ರಾಬರ್ಟ್ ಸೇಪರ್ ಮತ್ತು ಸಂಗಡಿಗರು ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಕೀಲುನೋವಿನ ಪುಡಿಗೆ ಸ್ಟೆರಾಯ್ಡ್ ಬೆರೆಸಿ ಮಾರಿದ ಪ್ರಕರಣಗಳೂ ನಮ್ಮ ದೇಶಕ್ಕೆ ಹೊಸವಲ್ಲ. ಅಂಥ ಪುಡಿ ತಿಂದವನ ನೋವು ಎರಡೇ ದಿನದಲ್ಲಿ ಇಳಿಯುತ್ತದೆ. ಮೂಳೆ ಸವೆದದ್ದು, ಸಕ್ಕರೆ ಏರಿದ್ದು ಗೊತ್ತಾಗುವುದು ಬಹಳ ತಡವಾಗಿ. ವಸ್ತು ಸಹಜವೋ ಅಲ್ಲವೋ ಎಂಬ ಜಗಳದಲ್ಲಿ, ಸೀಸೆಯಲ್ಲಿ ಇನ್ನೇನಿದೆ ಎಂಬ ಪ್ರಶ್ನೆ ಪ್ರತಿ ಸಲವೂ ಕಳೆದುಹೋಯಿತು.

ಲಾಭದ ತಟ್ಟೆಯನ್ನೂ ಈ ನಡುವೆ ಕೆಲವರು ತಾಳ್ಮೆಯಿಂದ ತೂಗಿದರು. ಬಾಸ್ಟನ್ನಿನ ಚೆನ್‌ಚೆನ್ ವಾಂಗ್ ಫೈಬ್ರೊಮಯಾಲ್ಜಿಯಾದ ರೋಗಿಗಳಿಗೆ ಚೀನಾದ ತಾಯ್ ಚಿ ಕಲಿಸಿ, ಅದನ್ನು ಇತರ ಉಪಚಾರದೊಡನೆ ಹೋಲಿಸಿ 2010ರಲ್ಲಿ ಮತ್ತು 2018ರಲ್ಲಿ ಫಲ ಪ್ರಕಟಿಸಿದರು. ನಿಧಾನದ ಆ ಚಲನೆಗಳಿಂದ ರೋಗಿಗಳಿಗೆ ಗುಣ ಕಂಡಿತ್ತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2017ರಲ್ಲಿ ತನ್ನ ಮಾತು ಹೇಳಿತು. ಅಕ್ಯುಪಂಕ್ಚರ್, ನೀರಿನ ಉಪಚಾರ, ಯೋಗ ಮತ್ತು ತಾಯ್ ಚಿಯಂಥ ಧ್ಯಾನದ ಚಲನೆಗಳು ಇವೆಲ್ಲಕ್ಕೂ ಅದು ಕೊಟ್ಟದ್ದು ಮೆಲುದನಿಯ ಸಮ್ಮತಿ. ಬಲವಾದ ಶಿಫಾರಸು ಸಿಕ್ಕಿದ್ದು ಒಂದಕ್ಕೆ ಮಾತ್ರ. ಅದು ವ್ಯಾಯಾಮ. ನೋವಿನಲ್ಲಿ ಮುದುಡಿದವರಿಗೆ ಇದು ಕೇಳಲು ಕಷ್ಟದ ಮಾತು. ಆದರೂ ಅಳೆದು ನೋಡಿ ಹೇಳಿದ ಮಾತು.

ಜೆರಾಲ್ಡ್ ಗ್ಲೈಕ್ ಮಾತ್ರ ಆ ಉಬ್ಬನ್ನು ಮರೆಯಲಿಲ್ಲ. ಮೇಯೊ ಕ್ಲಿನಿಕ್ ಬಿಟ್ಟು ಯೂಟಾ ವಿಶ್ವವಿದ್ಯಾಲಯಕ್ಕೆ ಹೋದರು. ವರ್ಷಗಳು ಉರುಳಿದವು, ಯಂತ್ರಗಳು ಚುರುಕಾದವು. ಹಳೆಯ ಪುಡಿಯ ಮಾದರಿಗಳು ಉಳಿದಿದ್ದವು. ಕೆನಡಾದ ಕ್ಲಾಸ್ ಕ್ಲಾರ್ಸ್‌ಕೊವ್ ಮತ್ತು ಜೊತೆಗಾರರು ಅವುಗಳನ್ನು ಮತ್ತೆ ಕೊಳವೆಗೆ ಹಾಯಿಸಿದರು. 2018ರಲ್ಲಿ, ಲಾಸ್ ಅಲಮೋಸ್‌ನ ಆ ರಕ್ತದ ವರದಿ ಬಂದು 29 ವರ್ಷಗಳಾಗುತ್ತಿದ್ದಾಗ, ಪೀಕ್ ಎಎಎ ತನ್ನ ಮುಖ ತೋರಿಸಿತು. ಪ್ರಬಂಧದ ಲೇಖಕರ ಸಾಲಿನಲ್ಲಿ ಗ್ಲೈಕ್ ಅವರ ಹೆಸರೂ ಇತ್ತು.

ನಡೆದದ್ದು ಹೀಗಿತ್ತು. ಕಂಪನಿ ಟ್ರಿಪ್ಟೊಫ್ಯಾನನ್ನು ಬ್ಯಾಸಿಲಸ್ ಅಮೈಲೋಲಿಕ್ವಿಫೇಶಿಯನ್ಸ್ ಎಂಬ ಬ್ಯಾಕ್ಟೀರಿಯಾದ ಕೈಯಲ್ಲಿ ದೊಡ್ಡ ಕೊಪ್ಪರಿಗೆಗಳಲ್ಲಿ ಹುದುಗೆಬ್ಬಿಸಿ ಮಾಡಿಸುತ್ತಿತ್ತು. 1988ರ ಡಿಸೆಂಬರ್‌ನಲ್ಲಿ, ಹೆಚ್ಚು ಇಳುವರಿಗೆಂದು ವಂಶವಾಹಿ ತಿದ್ದಿದ ಹೊಸ ತಳಿಯನ್ನು ತಂದಿತು. ಅದೇ ಹೊತ್ತಿಗೆ, ಕಲ್ಮಷ ಹೀರಲು ಒಂದೊಂದು ಸಲಕ್ಕೆ 20 ಕಿಲೋ ಅಥವಾ ಹೆಚ್ಚು ಹಾಕುತ್ತಿದ್ದ ಇದ್ದಿಲು ಪುಡಿಯನ್ನು ಕೆಲವು ಸಲ 10 ಕಿಲೋಗೆ ಇಳಿಸಿತು. ಸೋಸುವ ಒಂದು ಹಂತವನ್ನೂ ಒಂದಿಷ್ಟು ಸರಕಿಗೆ ತಪ್ಪಿಸಿತು. ಬ್ಯಾಕ್ಟೀರಿಯಾದ ಕೋಶಪೊರೆಯ ಕೊಬ್ಬಿನಾಮ್ಲದ ತುಣುಕುಗಳು ಟ್ರಿಪ್ಟೊಫ್ಯಾನಿಗೆ ಬಾಲದಂತೆ ಅಂಟಿಕೊಂಡವು. ಆ ಬಾಲದ ಕಣವೇ ಪೀಕ್ ಎಎಎ. ಅದೊಂದೇ ಇಷ್ಟೆಲ್ಲ ಮಾಡಿತೇ, ಬೇರೆ ಕಲ್ಮಷಗಳೂ ಅತಿಯಾದ ಪ್ರಮಾಣವೂ ನುಂಗಿದವರ ವಂಶವಾಹಿಯೂ ಜೊತೆಗೂಡಿದವೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಟ್ರಿಪ್ಟೊಫ್ಯಾನ್ ಗುಳಿಗೆ ಇಂದು ಮತ್ತೆ ಮಾರಾಟದಲ್ಲಿದೆ. 1989ರಲ್ಲಿ ಬದುಕುಳಿದವರಲ್ಲಿ ಅನೇಕರ ರಕ್ತದ ಸಂಖ್ಯೆ ಕೆಲವೇ ತಿಂಗಳಲ್ಲಿ ಸರಿಹೋಗಿತ್ತು. ಸ್ನಾಯುನೋವು, ದಣಿವು, ಕೆಟ್ಟ ನಿದ್ದೆ ವರ್ಷಗಟ್ಟಲೆ ಉಳಿದವು. ಹಳೆಯ ಕಡತ ನೋಡದ ಹೊಸ ವೈದ್ಯರಿಗೆ ಅದು ಫೈಬ್ರೊಮಯಾಲ್ಜಿಯಾದಂತೆಯೇ ಕಾಣುತ್ತಿತ್ತು.